ಆಬ್ಜೆಕ್ಟ್ ಪ್ರಿಂಟ್ ಮಾಡಿದರೆ ವಿವರ ಏಕೆ ಕಾಣುವುದಿಲ್ಲ?

ಪ್ರಶ್ನೆ: ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಸ್ತಕ ಎಂಬ ಕ್ಲಾಸ್ (ಮಾದರಿ) ಬರೆದು ಅದರ ಆಬ್ಜೆಕ್ಟನ್ನು (ಆ ಮಾದರಿಯಿಂದ ಮಾಡಿದ ಒಂದು ಘಟಕವನ್ನು) ಪ್ರಿಂಟ್ ಮಾಡಿದಾಗ, ಶೀರ್ಷಿಕೆ ಮತ್ತು ಬೆಲೆಯ ಬದಲು ಕ್ಲಾಸಿನ ಹೆಸರು, @ ಚಿಹ್ನೆ ಮತ್ತು ಅರ್ಥವಾಗದ ಅಕ್ಷರ-ಅಂಕಿಗಳು ಬರುತ್ತವೆ. ತಪ್ಪೆಲ್ಲಿದೆ?
– ಬಿ.ಸಿ.ಎ. ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಪ್ರೋಗ್ರಾಂ ತಪ್ಪಿಲ್ಲ, ಅಪೂರ್ಣವಾಗಿದೆ. ಆಬ್ಜೆಕ್ಟನ್ನು ಪ್ರಿಂಟ್ ಮಾಡಲು ಹೇಳಿದಾಗ ಜಾವಾ ಅದರ ಟುಸ್ಟ್ರಿಂಗ್ (toString) ಎಂಬ ಮೆಥಡನ್ನು, ಅಂದರೆ ಕ್ಲಾಸಿನೊಳಗೆ ಒಂದು ಕೆಲಸಕ್ಕಾಗಿ ಬರೆದ ಕೋಡಿನ ಭಾಗವನ್ನು, ಕರೆಯುತ್ತದೆ. ನೀವು ಅದನ್ನು ಬರೆಯದಿದ್ದರೆ, ಎಲ್ಲ ಕ್ಲಾಸುಗಳಿಗೂ ಮೂಲವಾದ ಆಬ್ಜೆಕ್ಟ್ ಕ್ಲಾಸಿನಿಂದ ಬಂದ ಮೆಥಡ್ಡೇ ನಡೆದು, ಕ್ಲಾಸಿನ ಹೆಸರಿನ ಜೊತೆಗೆ ಹ್ಯಾಶ್‌ಕೋಡನ್ನು (ಆಬ್ಜೆಕ್ಟಿಗೆ ಸಿಗುವ ಒಂದು ಪೂರ್ಣಾಂಕವನ್ನು) 16ರ ಆಧಾರದ ಸಂಖ್ಯೆಯಾಗಿ ಕೊಡುತ್ತದೆ. ಅದನ್ನು ಮೆಮೊರಿಯ ವಿಳಾಸವೆಂದು ಅನೇಕರು ತಿಳಿದಿದ್ದಾರೆ, ಹಾಗೆಂದು ಭಾವಿಸಬೇಡಿ.

ನಿಮ್ಮ ಕ್ಲಾಸಿನೊಳಗೆ ಟುಸ್ಟ್ರಿಂಗ್ ಮೆಥಡನ್ನು ಪಬ್ಲಿಕ್ ಆಗಿ ಬರೆದು, ಶೀರ್ಷಿಕೆ ಮತ್ತು ಬೆಲೆಯನ್ನು ಪ್ಲಸ್ ಚಿಹ್ನೆಯಿಂದ ಜೋಡಿಸಿದ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ರಿಟರ್ನ್ ಮಾಡಿರಿ. ಆಗ ‘ಕನ್ನಡ ವ್ಯಾಕರಣ, 250 ರೂಪಾಯಿ’ ಎಂಬಂತಹ ಸಾಲು ಕಾಣುತ್ತದೆ. ಮೆಥಡಿನೊಳಗೇ ಪ್ರಿಂಟ್ ಮಾಡಬಾರದು, ಏಕೆಂದರೆ ಆ ಸ್ಟ್ರಿಂಗ್ ನಾಳೆ ಫೈಲಿಗೋ ಪರದೆಗೋ ಹೋಗಬೇಕಾಗಬಹುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮೆಥಡಿನ ಹೆಸರಾದ toStringನಲ್ಲಿ ಎಸ್ (S) ದೊಡ್ಡಕ್ಷರವಾಗಿರಬೇಕು. ಸಣ್ಣಕ್ಷರ ಬರೆದರೆ ಕಂಪೈಲರ್ (ಪ್ರೋಗ್ರಾಮನ್ನು ಓಡಿಸುವ ಮೊದಲು ಪರೀಕ್ಷಿಸಿ ಅನುವಾದಿಸುವ ತಂತ್ರಾಂಶ) ಅದನ್ನು ಹೊಸ ಮೆಥಡೆಂದು ಸುಮ್ಮನೆ ಒಪ್ಪಿಕೊಳ್ಳುತ್ತದೆ, ಹಳೆಯ ಫಲಿತಾಂಶವೇ ಮರಳಿ ಬರುತ್ತದೆ. ಮೆಥಡಿನ ಮೇಲೆ @ಓವರ್‌ರೈಡ್ (@Override) ಎಂದು ಬರೆದಿದ್ದರೆ ಈ ತಪ್ಪು ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತದೆ.