ನಾಣ್ಯದ ನಂಟು: ಅಕ್ಷರ ಜೋಡಿಯಾಗಿ ಕಂಡರೆ

ಪ್ರಶ್ನೆ: ನನ್ನಲ್ಲಿ 1998ರ ಎರಡು ರೂಪಾಯಿ ನಾಣ್ಯವಿದೆ, ಭಾರತದ ಭೂಪಟವಿರುವ, ಹನ್ನೊಂದು ಮೂಲೆಯ ಹಳೆಯ ನಾಣ್ಯ. ಇಸವಿಯ ಅಂಕಿಗಳು ಜೋಡಿಯಾಗಿ ಕಾಣುತ್ತವೆ. ಇದು ‘ಡಬಲ್ಡ್ ಡೈ’, ಲಕ್ಷ ರೂಪಾಯಿ ಬಾಳುತ್ತದೆ ಎಂದು ಫೋನ್‌ನಲ್ಲಿ ಹೇಳಿದವರೊಬ್ಬರು ನೋಂದಣಿಗೆಂದು ಮುಂಗಡ ಹಣ ಕೇಳುತ್ತಿದ್ದಾರೆ. ಚಿತ್ರ ಕಳಿಸಿದ್ದೇನೆ. ಹಣ ಕೊಡಬಹುದೇ?
– ಓದುಗರು, ಬಸವನಗುಡಿ

ಉತ್ತರ: ಚಿಕ್ಕಾಸನ್ನೂ ಕೊಡಬೇಡಿ. ನಾಣ್ಯ ಕೊಳ್ಳುವವನು ನಿಮಗೆ ಹಣ ಕೊಡಬೇಕೇ ಹೊರತು ನಿಮ್ಮಿಂದ ಕೇಳಬಾರದು. ಹಳೆಯ ನೋಟು, ನಾಣ್ಯಗಳ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಇನ್ನು ನಾಣ್ಯ. ಡೈ ಎಂದರೆ ನಾಣ್ಯದ ಮೇಲೆ ಚಿತ್ರ, ಅಕ್ಷರ ಒತ್ತುವ ಉಕ್ಕಿನ ಮೊಹರು. ಪೀಣ್ಯದ ಟೂಲ್‌ರೂಮ್‌ನಲ್ಲಿ ಡೈ ಕೆಲಸ ಮಾಡಿ ನಿವೃತ್ತನಾದವನು ನಾನು. ನನ್ನ ಕಣ್ಣು ನಾಣ್ಯಕ್ಕಿಂತ ಮೊದಲು ಡೈ ಕಡೆಗೇ ಹೋಗುತ್ತದೆ. ಉಬ್ಬು ಚಿತ್ರವಿರುವ ‘ಹಬ್’ ಅನ್ನು ಉಕ್ಕಿನೊಳಗೆ ಒತ್ತಿ ಡೈ ಮಾಡುತ್ತಾರೆ. ಹಿಂದೆಲ್ಲ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಿದ ಉಕ್ಕು ಗಡಸಾಗುತ್ತದೆ, ಅದನ್ನು ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕು. ಎರಡನೆಯ ಸಲ ಕೂದಲೆಳೆಯಷ್ಟು ತಿರುಗಿ ಕುಳಿತರೂ ಡೈಯಲ್ಲೇ ಎರಡು ಅಚ್ಚು ಬೀಳುತ್ತವೆ. ಆ ಡೈನಿಂದ ಹೊರಬರುವ ಪ್ರತಿ ನಾಣ್ಯವೂ ಅದೇ ಜೋಡಿಯನ್ನು ಹೊತ್ತಿರುತ್ತದೆ. ಇದು ನಿಜವಾದ ಡಬಲ್ಡ್ ಡೈ.

ಅಮೆರಿಕದ 1955ರ ಲಿಂಕನ್ ಸೆಂಟ್ ಇದರ ಮೇರು. ಫಿಲಡೆಲ್ಫಿಯಾ ಟಂಕಸಾಲೆಯಿಂದ ಅಂಥವು ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೊರಬಿದ್ದವು ಎಂಬುದು ಸಂಗ್ರಹಕಾರರ ಅಂದಾಜು. ಇಸವಿ, ‘ಲಿಬರ್ಟಿ’, ಮೇಲಿನ ಧ್ಯೇಯವಾಕ್ಯ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಹಲವು ನಾಣ್ಯಗಳು ಸಿಗರೇಟ್ ಪ್ಯಾಕಿನ ಹೊದಿಕೆಯೊಳಗೆ ಚಿಲ್ಲರೆಯಾಗಿ ಸೇರಿ ಜನರ ಕೈ ತಲುಪಿದವು ಎಂಬ ಕತೆಯೂ ಇದೆ. ಒಳ್ಳೆಯ ಸ್ಥಿತಿಯ ನಾಣ್ಯ ಸಾವಿರ ಡಾಲರ್ ದಾಟುತ್ತದೆ. ಅದಕ್ಕೇ ನಕಲಿಯೂ ಹೇರಳ.

ನಿಮ್ಮ ನಾಣ್ಯದ ಕತೆ ಬೇರೆ. ಡೈ ಸರಿಯಾಗಿಯೇ ಇದ್ದು, ಯಂತ್ರದಲ್ಲಿ ಅದರ ಹಿಡಿತ ಸಡಿಲವಾಗಿದ್ದರೆ, ಅಚ್ಚೊತ್ತಿದ ಮರುಕ್ಷಣ ಅದು ಅದುರುತ್ತದೆ, ಜರುಗುತ್ತದೆ. ಆಗತಾನೇ ಎದ್ದ ಅಕ್ಷರದ ಅಂಚನ್ನು ಒರಸಿ ಚಪ್ಪಟೆ ಮಾಡುತ್ತದೆ. ಇದು ಯಂತ್ರದ ಜೋಡಿ, ಬೆಲೆಯಿಲ್ಲದ್ದು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ನಿಮ್ಮ ಚಿತ್ರದಲ್ಲಿ ಎರಡೂ 9ರ ಬಲಕ್ಕೆ ಒಂದು ತಗ್ಗಾದ, ಹೊಳೆಯುವ ಮೆಟ್ಟಿಲಿದೆ; ಅಂಕಿಯ ಎತ್ತರ ಅದಕ್ಕಿಲ್ಲ. ಆ ಮೆಟ್ಟಿಲಿನ ಲೋಹ ಬಂದದ್ದು ಅಂಕಿಯಿಂದಲೇ, ಹಾಗಾಗಿ ಅಂಕಿ ಸೊರಗಿದೆ. ಅದೇ ಇಸವಿಯ ಸಾಧಾರಣ ನಾಣ್ಯವನ್ನು ಪಕ್ಕಕ್ಕಿಟ್ಟು ನೋಡಿ, ನಿಮ್ಮ 9ರ ತಲೆ ಕಿರಿದಾಗಿದೆ. ನಿಜವಾದ ಡಬಲ್ಡ್ ಡೈಯಲ್ಲಿ ಅಕ್ಷರ ದಪ್ಪವಾಗುತ್ತದೆ. ಎರಡನೆಯ ರೂಪವೂ ದುಂಡಗೆ ಉಬ್ಬಿರುತ್ತದೆ. ಅಕ್ಷರದ ತುದಿಗಳಲ್ಲಿ, ಎರಡು ರೂಪಗಳು ಅಗಲುವ ಕಡೆ, ಸಣ್ಣ ಸೀಳು ಕಾಣುತ್ತದೆ. ನಾನು ಮೊದಲು ಹುಡುಕುವುದು ಆ ಸೀಳನ್ನು. ದೀಪವನ್ನು ಒಂದೇ ಕಡೆಯಿಂದ ಹಿಡಿಯಬೇಡಿ, ನಾಣ್ಯವನ್ನು ತಿರುಗಿಸುತ್ತಾ ನೋಡಿ. ನೆರಳೇ ಎಷ್ಟೋ ‘ಜೋಡಿ’ಗಳನ್ನು ಹುಟ್ಟಿಸುತ್ತದೆ.

ಸವೆದ ಡೈಯಿಂದಲೂ ಅಂಚು ಉಬ್ಬಿ ಜೋಡಿಯಂತೆ ಕಾಣುವುದುಂಟು. 1955ರ ಸೆಂಟಿನಲ್ಲೇ ಕೊನೆಯ 5 ಹಾಗೆ ಕಾಣುವ ನಾಣ್ಯಗಳಿವೆ. ಅವನ್ನು ‘ಬಡವನ ಡಬಲ್ಡ್ ಡೈ’ ಎಂದು ಮಾರುತ್ತಾರೆ. ಕೊಳ್ಳುವವನು ಬಡವನಾಗುವುದಂತೂ ಖಚಿತ.

ಪ್ರಶ್ನೆ: ಹುಣಸೆಹಣ್ಣು ಹಾಕಿ ಉಜ್ಜಿದರೆ ಅಕ್ಷರ ಸ್ಪಷ್ಟವಾಗಿ ಕಾಣುವುದಿಲ್ಲವೇ?
– ಮತ್ತೊಬ್ಬ ಓದುಗರು, ಮಲ್ಲೇಶ್ವರ

ಉತ್ತರ: ಹುಣಸೆಹಣ್ಣು ಸಾರಿಗಿರಲಿ. ಉಜ್ಜಿದ ನಾಣ್ಯದ ಮೇಲ್ಮೈ ಹಾಳಾಗುತ್ತದೆ, ಅಪರೂಪದ್ದಾಗಿದ್ದರೆ ಬೆಲೆಯೂ ಇಳಿಯುತ್ತದೆ. ಧೂಳಿದ್ದರೆ ಬರೀ ನೀರಿನಲ್ಲಿ ಜಾಲಿಸಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ.