ಫಾರ್ಮ್ಯಾಟ್ ಮಾಡಿ ಹಳೇ ಕಂಪ್ಯೂಟರ್ ಮಾರಿದರೆ ಸಾಕಾ, ಹಾರ್ಡ್ ಡಿಸ್ಕ್ ಒಡೆಯಬೇಕಾ?

ಎರಡೂ ಬೇಡ. ಬರೀ ಫಾರ್ಮ್ಯಾಟ್ ಸಾಲದು, ಚೆನ್ನಾಗಿರೋ ಡಿಸ್ಕ್ ಒಡೆಯೋದು ದಂಡ.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕ್ ತಂದಿದ್ದೆ. ತೆರೆದು ನೋಡಿದರೆ ಪೂರ್ತಿ ಖಾಲಿ. ಸುಮ್ನೆ ಕುತೂಹಲಕ್ಕೆ, ಅಳಿಸಿದ ಫೈಲ್ ಹುಡುಕಿ ತೆಗೆಯೋ ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿದೆ. ಯಾರದೋ ಗೃಹಪ್ರವೇಶದ ಫೋಟೋಗಳು, ಒಂದು ಪ್ಯಾನ್ ಕಾರ್ಡ್ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೊಂದಾಗಿ ಬಂದವು. ನನಗೇ ಮುಜುಗರವಾಗಿ ಅಲ್ಲಿಗೇ ನಿಲ್ಲಿಸಿದೆ.

ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿರೋ ಬೆಳೆ ಮಾಯವಾಗಲ್ಲ ಅಲ್ವಾ? ಡಿಲೀಟ್, ಕ್ವಿಕ್ ಫಾರ್ಮ್ಯಾಟ್ ಎರಡೂ ಅಷ್ಟೇ. ಫೈಲ್ ಎಲ್ಲಿದೆ ಅನ್ನೋ ದಾಖಲೆ ಹೋಗುತ್ತದೆ, ಫೈಲ್ ಕೂತಲ್ಲೇ ಕೂತಿರುತ್ತದೆ. ಅದರ ಮೇಲೆ ಬೇರೆ ಏನಾದರೂ ಬರೆದರೆ ಮಾತ್ರ ಹೋಗುತ್ತದೆ. ಅಮೆರಿಕದಲ್ಲಿ ಇಬ್ಬರು ಸಂಶೋಧಕರು 158 ಹಳೇ ಡಿಸ್ಕ್ ಕೊಂಡು ನೋಡಿ 2003ರಲ್ಲಿ ವರದಿ ಬರೆದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12.

ಹಾಗಾಗಿ ಮೇಲೆ ಬರೆಯಿರಿ. ಬೇಕಾದ್ದನ್ನೆಲ್ಲ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಡಿಸ್ಕನ್ನು ಕಂಪ್ಯೂಟರ್‌ನಿಂದ ಬಿಚ್ಚಿ, ಹಾರ್ಡ್ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸೋ ಕೇಬಲ್‌ನಲ್ಲಿ ಇನ್ನೊಂದು ವಿಂಡೋಸ್ ಕಂಪ್ಯೂಟರ್‌ಗೆ ಹಾಕಿ. ಕಮಾಂಡ್ ಪ್ರಾಂಪ್ಟನ್ನು (ಆದೇಶ ಟೈಪ್ ಮಾಡೋ ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್‌ನಲ್ಲೇ ಇರೋ ಡಿಸ್ಕ್‌ಪಾರ್ಟ್ (diskpart) ಓಡಿಸಿ. ‘ಲಿಸ್ಟ್ ಡಿಸ್ಕ್’ ಕೊಟ್ಟರೆ ಎಲ್ಲ ಡಿಸ್ಕ್ ಕಾಣುತ್ತವೆ. ‘ಸೆಲೆಕ್ಟ್ ಡಿಸ್ಕ್’ ಅಂತ ಬರೆದು ನಿಮ್ಮ ಡಿಸ್ಕಿನ ನಂಬರ್ ಕೊಡಿ, ಕೊನೆಗೆ ‘ಕ್ಲೀನ್ ಆಲ್’. ಬರೀ ‘ಕ್ಲೀನ್’ ಕೊಟ್ಟರೆ ಪಾರ್ಟಿಷನ್ ಪಟ್ಟಿ (ಡಿಸ್ಕಿನ ಭಾಗಗಳ ದಾಖಲೆ) ಮಾತ್ರ ಹೋಗುತ್ತದೆ, ಆ ‘ಆಲ್’ ಸೇರಿದರೇ ಪ್ರತಿ ಸೆಕ್ಟರಿಗೂ, ಅಂದರೆ ಡಿಸ್ಕಿನ ಪ್ರತಿ ಪುಟ್ಟ ತುಂಡಿಗೂ, ಸೊನ್ನೆ ಬೀಳೋದು. ಎಂಟರ್ ಒತ್ತೋ ಮುಂಚೆ ಡಿಸ್ಕ್ ಸೈಜ್ ಎರಡು ಸಲ ನೋಡಿ. ನಂಬರ್ ತಪ್ಪಿದರೆ ನಿಮ್ಮ ಹೊಸ ಡಿಸ್ಕೇ ಖಾಲಿ! 500 ಜಿಬಿ ಡಿಸ್ಕಿಗೆ ಎರಡು ಗಂಟೆ ಹಿಡಿಯಬಹುದು. ಪರದೆ ಮೇಲೆ ಏನೂ ಅಲ್ಲಾಡಲ್ಲ, ಗಾಬರಿಯಾಗಬೇಡಿ.

35 ಸಲ ಅಳಿಸಬೇಕು ಅಂತ ಯಾರಾದರೂ ಹೇಳುತ್ತಾರೆ. ಅದು ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದ ಲೆಕ್ಕ. ಆಗಿನ ಬೇರೆ ಬೇರೆ ಥರದ ಡಿಸ್ಕ್‌ಗಳನ್ನೆಲ್ಲ ಸೇರಿಸಿ ಮಾಡಿದ್ದು. ಯಾವ ಡಿಸ್ಕಿಗೂ ಅಷ್ಟೂ ಸುತ್ತು ಬೇಕಿಲ್ಲ ಅಂತ ಆಮೇಲೆ ಅವರೇ ಬರೆದರು. ಈಗಿನ ಡಿಸ್ಕಿಗೆ ಒಂದು ಸುತ್ತು ಸಾಕು.

ನಿಮ್ಮದು ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದೆ, ಚಿಪ್‌ನಲ್ಲಿ ಡೇಟಾ ಇಡೋ ಡಿಸ್ಕ್) ಆಗಿದ್ದರೆ ಮೇಲೆ ಹೇಳಿದ ದಾರಿ ನಂಬಬೇಡಿ. ಒಂದೇ ಜಾಗ ಸವೆಯದಿರಲಿ ಅಂತ ಅದು ಡೇಟಾವನ್ನು ಒಳಗೊಳಗೇ ಜಾಗ ಬದಲಿಸುತ್ತಿರುತ್ತದೆ. ನೀವು ಬರೆದ ಸೊನ್ನೆ ಎಲ್ಲ ಮೂಲೆಗೂ ಮುಟ್ಟುತ್ತದೆ ಅಂತಿಲ್ಲ. ಅದಕ್ಕೆ ‘ಸೆಕ್ಯೂರ್ ಇರೇಸ್’ ಇದೆ. ಡಿಸ್ಕ್ ಮಾಡಿದ ಕಂಪನಿಯ ಸಾಫ್ಟ್‌ವೇರ್‌ನಲ್ಲಿ, ಕೆಲವು ಕಂಪ್ಯೂಟರ್‌ಗಳಲ್ಲಿ ಬಯಾಸ್‌ನಲ್ಲೇ (ವಿಂಡೋಸ್ ಶುರುವಾಗೋ ಮುಂಚೆ ತೆರೆಯೋ ಸೆಟ್ಟಿಂಗ್ಸ್ ಪರದೆ) ಸಿಗುತ್ತದೆ.

ಸುತ್ತಿಗೆ ಕೆಲಸ ಬರೋದು ಡಿಸ್ಕ್ ಕೆಟ್ಟು, ಕಂಪ್ಯೂಟರ್‌ಗೆ ಕಾಣಿಸದೇ ಇದ್ದಾಗ. ಆಗ ನಕ್ಷತ್ರ ತಲೆಯ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು. ಒಂದೆರಡು ಸ್ಕ್ರೂ ಲೇಬಲ್ ಕೆಳಗೆ ಅಡಗಿರುತ್ತವೆ. ಒಳಗಿನ ಹೊಳೆಯೋ ತಟ್ಟೆಗಳೇ ನಿಮ್ಮ ಡೇಟಾ. ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ಅಲ್ಯೂಮಿನಿಯಂ, ಗೀಚಿ ಬಗ್ಗಿಸಬಹುದು. ಲ್ಯಾಪ್‌ಟಾಪಿನದು ಹೆಚ್ಚಾಗಿ ಗಾಜು. ಹೊಡೆದರೆ ಚೂರು ಚೂರಾಗಿ ಹಾರುತ್ತದೆ, ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಹೊಡೆಯಿರಿ. ಒಳಗೆ ಸಿಗೋ ಆಯಸ್ಕಾಂತ ಮಾತ್ರ ಎತ್ತಿಟ್ಟುಕೊಳ್ಳಿ, ಫ್ರಿಜ್ ಮೇಲೆ ಕರೆಂಟ್ ಬಿಲ್ ಸಿಕ್ಕಿಸೋಕೆ ನನ್ನ ಮನೆಯಲ್ಲಿ ಅದೇ ಇದೆ. ಬೆರಳು ಹುಷಾರು, ಎರಡು ಕಚ್ಚಿಕೊಂಡರೆ ಚರ್ಮ ಕಿತ್ತು ಬರುತ್ತದೆ. ಉಳಿದದ್ದು ಇ-ತ್ಯಾಜ್ಯ ತೆಗೆದುಕೊಳ್ಳೋರಿಗೆ ಕೊಡಿ, ಕಸದ ಗಾಡಿಗೆ ಬೇಡ.

ನಿಮ್ಮದು ಯಾವ ಥರದ್ದು ಅಂತ ಗೊತ್ತಾಗದಿದ್ದರೆ ಲೇಬಲ್ ಮೇಲಿರೋ ಮಾಡೆಲ್ ನಂಬರ್ ಹಾಕಿ, ನೋಡಿ ಹೇಳುತ್ತೇನೆ.