‘ಚೆನ್ನಾಗಿದೆ’ ಅಂದರೆ ಸಾಕಾ?

ಪ್ರಶ್ನೆ: ವಿದ್ಯಾರ್ಥಿಗಳ ಕಲಾ ಪ್ರದರ್ಶನದಲ್ಲಿ ಒಂದು ತೈಲಚಿತ್ರ ನೋಡಿದೆ. ಕಿಟಕಿ ಪಕ್ಕ ಕುಳಿತ ಅಜ್ಜಿ. ಕೆನ್ನೆಯ ನೆರಳಲ್ಲಿ ಹಸಿರು! ಒಂದು ಕೈಯಂತೂ ಬರೀ ನಾಲ್ಕೈದು ಗೀಟು. ಬಿಡಿಸಿದ ಹುಡುಗಿ ‘ಹೇಗಿದೆ?’ ಅಂದಾಗ ‘ಚೆನ್ನಾಗಿದೆ’ ಎಂದು ಬಂದುಬಿಟ್ಟೆ. ಏನು ಹೇಳಬೇಕಿತ್ತು?

ಉತ್ತರ: ಆ ಹಸಿರು ನಿಮ್ಮ ಕಣ್ಣಿಗೆ ಬಿತ್ತಲ್ಲ, ಅದನ್ನೇ ಹೇಳಬಹುದಿತ್ತು. ಮೈಬಣ್ಣದ ಕೆಳಗೆ ಹಸಿರು ಬಳಿಯುವ ರೂಢಿ ಇಟಲಿಯ ಹಳೆಯ ಚಿತ್ರಕಾರರಲ್ಲೇ ಇತ್ತು. ಅದರ ಮೇಲೆ ಗುಲಾಬಿ, ಕೆಂಪು ತೆಳುವಾಗಿ ಹಚ್ಚಿದರೆ ಹಸಿರು ಒಳಗಿನಿಂದ ಇಣುಕುತ್ತದೆ, ಮುಖಕ್ಕೆ ಜೀವ ಬರುತ್ತದೆ. ‘ಇಲ್ಲಿ ಹಸಿರು ಯಾಕೆ ಬಿಟ್ಟೆ?’ ಎಂದು ಕೇಳಿ ನೋಡಿ. ಆ ಹುಡುಗಿ ಖುಷಿಯಿಂದ ಮಾತಾಡುತ್ತಾಳೆ.

ದೂರದಿಂದ ನೋಡಿದ ಮೇಲೆ ಹತ್ತಿರ ಹೋಗಿ, ಪಕ್ಕದಿಂದಲೂ ನೋಡಿ. ಬೆಳಕು ಬಿದ್ದ ಹಣೆಯಲ್ಲಿ ಬಣ್ಣ ದಪ್ಪಗಿದೆಯಾ, ನೆರಳಲ್ಲಿ ತೆಳುವಾಗಿದೆಯಾ? ಡಚ್ ಚಿತ್ರಕಾರ ರೆಂಬ್ರಾಂಟ್ (1606–1669) ಚಿತ್ರಗಳಲ್ಲಿ ಇದು ಎದ್ದು ಕಾಣುತ್ತದೆ. ಉಬ್ಬಿದ ಬಣ್ಣದ ಮೇಲೆ ಕೋಣೆಯ ನಿಜವಾದ ಬೆಳಕೇ ಬಂದು ಕೂರುತ್ತದೆ. ನನಗೆ ತೈಲವರ್ಣ ಇಷ್ಟವಾಗುವುದೇ ಇದಕ್ಕೆ.

ಇನ್ನು ಆ ಕೈ. ನೋಡುವವರ ಕಣ್ಣು ಮುಖದಲ್ಲೇ ನಿಲ್ಲಲಿ ಎಂದು ಕೈಯನ್ನು ಹಾಗೇ ಬಿಡುವುದುಂಟು. ಆದರೂ ನಿಮಗೆ ಕಿರಿಕಿರಿ ಆಗಿದ್ದರೆ ಹೇಳಿ. ‘ತಪ್ಪು’ ಅನ್ನಬೇಡಿ, ‘ನನ್ನ ಕಣ್ಣು ಇಲ್ಲಿ ಎಡವಿತು’ ಅನ್ನಿ. ಚಿತ್ರ ಕಲಿಸುವವಳಾಗಿ ಹೇಳುತ್ತೇನೆ, ಕಲಿಯುವವರಿಗೆ ಸುಮ್ನೆ ಹೊಗಳುವುದಕ್ಕಿಂತ ಇದು ಜಾಸ್ತಿ ಉಪಯೋಗ.

ಮುಟ್ಟಲು ಮಾತ್ರ ಹೋಗಬೇಡಿ. ಎಣ್ಣೆ ಬಣ್ಣ ನೀರಿನಂತೆ ಆರುವುದಿಲ್ಲ, ಗಾಳಿ ತಾಗಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ದಪ್ಪಗೆ ಹಚ್ಚಿದ್ದರೆ ತಿಂಗಳುಗಳೇ ಬೇಕು.